ಹುಡುಗರ ಕೈಗೆ ಬಾವಿ ಹಗ್ಗವಲ್ಲ, ಬಂಡೆ ಏರುವ ಹಗ್ಗ ಕೊಡಿ

ಯಾದಗಿರಿಯಲ್ಲಿ ಬೆಳೆದ ನಮಗೆ ಗುಡ್ಡ ಹತ್ತುವುದನ್ನು ಯಾರೂ ಕಲಿಸಲಿಲ್ಲ. ಚಪ್ಪಲಿಯನ್ನು ಕೆಳಗೆ ಬಿಟ್ಟು, ಅಂಗಾಲನ್ನು ಬಂಡೆಗೊತ್ತಿ ಏರುತ್ತಿದ್ದೆವು. ಇಳಿಯುವಾಗ ಕುಳಿತು ಜಾರುತ್ತಿದ್ದುದರಿಂದ ಚಡ್ಡಿ ಹರಿದು ಮನೆಯಲ್ಲಿ ಗುಟ್ಟು ರಟ್ಟಾಗುತ್ತಿತ್ತು. ಏಳನೆಯ ತರಗತಿಯಲ್ಲಿದ್ದಾಗ ಜೊತೆಯ ಹುಡುಗನೊಬ್ಬ ಹೀಗೆಯೇ ಜಾರಿ ಕಾಲು ಮುರಿದುಕೊಂಡ. ಅಂದಿನಿಂದ ಗುಡ್ಡದ ಹೆಸರೆತ್ತಬಾರದೆಂದು ಶಾಲೆಯಲ್ಲಿ ತಾಕೀತಾಯಿತು. ತಾಕೀತು ಇಂದಿಗೂ ಇದೆ, ಹುಡುಗರು ಹತ್ತುವುದೂ ಇದೆ. ವ್ಯತ್ಯಾಸವೆಂದರೆ ಈಗ ಕೆಳಗೆ ನಿಂತವನೊಬ್ಬ ಮೊಬೈಲ್ ಹಿಡಿದಿರುತ್ತಾನೆ.

ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಹೋದ ಡಿಸೆಂಬರಿನಲ್ಲಿ ಅವನು ನನ್ನನ್ನು ರಾಮನಗರದ ಕಡೆಯ ಒಂದು ಬಂಡೆಗೆ ಕರೆದೊಯ್ದ. ಸ್ಪೋರ್ಟ್ ಕ್ಲೈಂಬಿಂಗ್ ಎಂದರೇನೆಂದು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ. ಬಂಡೆಯಲ್ಲಿ ಮೊದಲೇ ಡ್ರಿಲ್ ಮಾಡಿ ಉಕ್ಕಿನ ಬೋಲ್ಟ್‌ಗಳನ್ನು ಕೂರಿಸಿರುತ್ತಾರೆ. ಏರುವವನು ಒಂದೊಂದು ಬೋಲ್ಟ್ ತಲುಪಿದಾಗಲೂ ಅದಕ್ಕೆ ಕೊಂಡಿ ಸಿಕ್ಕಿಸಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಅದರಲ್ಲಿ ತೂರಿಸಿಕೊಂಡು ಮುಂದೆ ಹೋಗುತ್ತಾನೆ. ಕೆಳಗೆ ನಿಂತ ಜೊತೆಗಾರ ಹಗ್ಗವನ್ನು ಬಿಡುತ್ತಾ, ಬೇಕಾದಾಗ ಬಿಗಿಯುತ್ತಾ ಇರುತ್ತಾನೆ. ಹೊರಡುವ ಮುನ್ನ ಇವನ ಗಂಟನ್ನು ಅವನು, ಅವನ ಹಗ್ಗ ಬಿಗಿಯುವ ಸಾಧನವನ್ನು ಇವನು ಮುಟ್ಟಿ ನೋಡಬೇಕು. ನನ್ನ ಅಳಿಯ ಹತ್ತಾರು ವರ್ಷದ ಗೆಳೆಯನ ಗಂಟನ್ನೂ ಬಿಡದೆ, ಎಂಟರ ಆಕಾರದ ಆ ಗಂಟಿನ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ತಡವಿ ನೋಡಿದ. ಆಮೇಲೆ ಅಳಿಯನ ಸರದಿ. ನಾಲ್ಕನೆಯ ಬೋಲ್ಟ್ ದಾಟಿದ ಮೇಲೆ ಅವನ ಕಾಲು ಜಾರಿತು. ನನ್ನ ಎದೆ ಧಸಕ್ಕೆಂದಿತು. ಅವನು ಎರಡಾಳೆತ್ತರ ಬಿದ್ದು, ಹಗ್ಗದಲ್ಲಿ ತೂಗಾಡುತ್ತಾ ಕೆಳಗೆ ನೋಡಿ, "ಏನೂ ಆಗಿಲ್ಲ ಮಾಮಾ, ಇದೂ ಆಟದಾಗ ಬರ್ತದ್ರಿ" ಎಂದ.

ಬೀಳುವುದು ಈ ಆಟದ ಒಳಗೇ ಇದೆ ಎಂಬ ಮಾತೇ ನಮ್ಮ ಕಡೆ ತಲುಪಿಲ್ಲ. ಬಂಡೆ ಏರುವುದೆಂದರೆ ನಮಗೆ ಹಗ್ಗವಿಲ್ಲದ ಸಾಹಸವೆಂದೇ ಅರ್ಥ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನೋಡಿ ನಾವು ಬೆರಗಾಗಿದ್ದೇವೆ. ಅಮೆರಿಕದ ಯೊಸೆಮಿಟಿ ಎಂಬ ಗ್ರಾನೈಟ್ ಕಣಿವೆಯಲ್ಲಿ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಅಲೆಕ್ಸ್ ಹೊನೊಲ್ಡ್ 2017ರ ಜೂನ್‌ನಲ್ಲಿ ಹಗ್ಗವಿಲ್ಲದೆ ಏರಿದ ದೃಶ್ಯವಂತೂ ಇಲ್ಲಿನ ಎಲ್ಲ ಹುಡುಗರ ಮೊಬೈಲಿನಲ್ಲಿದೆ. ಆದರೆ ಆತ ಅದೇ ದಾರಿಯನ್ನು ಅದಕ್ಕೂ ಮೊದಲು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಏರಿ, ಕೈಕಾಲು ಇಡುವ ಜಾಗಗಳನ್ನು ಬಾಯಿಪಾಠ ಮಾಡಿದ್ದ ಎಂಬ ಸಂಗತಿ ರೀಲ್ಸ್‌ನಲ್ಲಿ ಬರುವುದಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ ಕಲ್ಯಾಣ ಕರ್ನಾಟಕದ ಈ ಭಾಗದಲ್ಲಿ ನಾವೇ ಭಾಗ್ಯವಂತರು. ಬೀದರಿನವರಿಗೆ ಜಂಬಿಟ್ಟಿಗೆ, ಕಲಬುರಗಿಯವರಿಗೆ ಪದರ ಪದರವಾಗಿ ಏಳುವ ಶಹಾಬಾದಿ ಕಲ್ಲು. ಯಾದಗಿರಿ, ಶಹಾಪುರ, ಸುರಪುರಗಳಿಗೆ ಮಾತ್ರ ಗಟ್ಟಿ ಗ್ರಾನೈಟ್ ಗುಡ್ಡಗಳು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಬೆರಳು ಸಿಕ್ಕಿಸಲು ಅಡ್ಡ ಸೀಳುಗಳಿವೆ, ದೇಶ ವಿದೇಶದವರು ಅಲ್ಲಿಗೆ ಏರಲು ಬರುತ್ತಾರೆ. ಗ್ರಾನೈಟಿನಲ್ಲಿ ಎಷ್ಟೋ ಕಡೆ ಹಿಡಿಯಲು ಏನೂ ಇರುವುದಿಲ್ಲ. ಕಲ್ಲಿನ ಹರಳುಗಳ ಮೇಲೆ ರಬ್ಬರ್ ಬೂಟಿನ ಮುಂಭಾಗವನ್ನು ಒತ್ತಿ, ಮೈಭಾರವನ್ನು ಕಾಲಿನ ಮೇಲೆಯೇ ಬಿಟ್ಟು, ನಂಬಿ ನಿಲ್ಲಬೇಕು. ನಾನೂ ಹತ್ತಡಿ ಏರಿ ನೋಡಿದೆ; ಇಳಿದಾಗ ಅಂಗೈಯಲ್ಲಿ ಹರಳುಗಳ ಗುರುತು ರಾಗಿ ಕಾಳು ಒತ್ತಿದಂತೆ ಮೂಡಿತ್ತು. ಬಿಸಿಲೇರಿದರೆ ಬೆವರಿಗೆ ಹಿಡಿತ ತಪ್ಪುವುದರಿಂದ ನಮ್ಮಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗುಗಳೇ ಇದಕ್ಕೆ ತಕ್ಕ ಕಾಲ.

ಹಾಗೆಂದು ಕಂಡ ಕಂಡ ಬಂಡೆಗೆ ಡ್ರಿಲ್ ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ಕೋಟೆಯ ಗೋಡೆ, ಗುಡಿ ದರ್ಗಾಗಳ ಕಲ್ಲು, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲು, ಇವುಗಳಿಗೆ ಒಂದು ಬೋಲ್ಟ್ ಕೂಡ ಬೇಡ. ರಾಮನಗರದಲ್ಲಿಯೂ ರಣಹದ್ದುಗಳಿಗೆಂದು ರಾಮದೇವರ ಬೆಟ್ಟವನ್ನು 2012ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ಏರುವವರಿಗೆ ಬೇರೆ ಬಂಡೆಗಳಿವೆ. ಬೋಲ್ಟ್ ಕೂರಿಸುವ ಮುನ್ನ ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಪೊಳ್ಳು ಸದ್ದು ಬರುತ್ತದೆಯೇ ಎಂದು ಕೇಳುತ್ತಾರೆ. ನಮ್ಮ ವಡ್ಡರ ಹಿರಿಯರಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆ ನೋಡಿದರೆ ಖಡಿ ಮಷೀನಿಗೆ ಇಡೀ ಗುಡ್ಡವನ್ನೇ ಕೊಟ್ಟು ಸುಮ್ಮನಿರುವವರು ಕಿರುಬೆರಳು ಗಾತ್ರದ ರಂಧ್ರಕ್ಕೆ ಹುಬ್ಬೇರಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇದರಿಂದ ಪದಕ ಬರುತ್ತದೆಂಬ ಆಸೆ ತೋರಿಸುವುದೂ ನನ್ನ ಉದ್ದೇಶವಲ್ಲ. ಈ ಕ್ರೀಡೆ ಟೋಕಿಯೊದಲ್ಲಿ ಒಲಿಂಪಿಕ್ಸ್ ಸೇರಿತು, 2024ರ ಪ್ಯಾರಿಸ್‌ನಲ್ಲಿ ಇಂಡೊನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ 15 ಮೀಟರ್ ಗೋಡೆಯನ್ನು 4.75 ಸೆಕೆಂಡುಗಳಲ್ಲಿ ಏರಿ ಚಿನ್ನ ಗೆದ್ದರು. ಅದೆಲ್ಲ ಕೃತಕ ಗೋಡೆಯ ಲೆಕ್ಕ. ನಾನು ಕೇಳುತ್ತಿರುವುದು ಹೇಗೂ ಗುಡ್ಡ ಹತ್ತುವ ಮಕ್ಕಳಿಗೆ ತರಬೇತಿ ಪಡೆದ ಒಬ್ಬರು, ಒಂದೆರಡು ಸರಿಯಾದ ಹಗ್ಗ, ತಲೆಗೆ ಹೆಲ್ಮೆಟ್, ಇಷ್ಟೇ.

ಸರಿಯಾದ ಹಗ್ಗ ಎಂದು ಒತ್ತಿ ಹೇಳಲು ಕಾರಣವಿದೆ. ಹಿಂದಿನ ತಿಂಗಳು ನಮ್ಮ ಓಣಿಯ ಹುಡುಗರು ಟ್ರ್ಯಾಕ್ಟರಿಗೆ ಕಟ್ಟುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಗುಡ್ಡಕ್ಕೆ ಹೊರಟಿದ್ದರು. ಅಂಥ ಹಗ್ಗ ಭಾರವೇನೋ ಎಳೆಯುತ್ತದೆ, ಆದರೆ ಬಿದ್ದವನನ್ನು ತಡೆಯುವಾಗ ಬೇಕಾದಷ್ಟು ಹಿಗ್ಗುವುದಿಲ್ಲ. ಬಿದ್ದ ಪೆಟ್ಟೆಲ್ಲ ಸೊಂಟಕ್ಕೇ ಬರುತ್ತದೆ. ಏರುವವರ ಹಗ್ಗವನ್ನು ಹಿಗ್ಗುವಂತೆಯೇ ಹೆಣೆದಿರುತ್ತಾರೆ. ಅಳಿಯ ಬಿಟ್ಟುಹೋದ 60 ಮೀಟರಿನ ಅಂಥದ್ದೊಂದು ಹಗ್ಗ ನಮ್ಮ ಮನೆಯ ಅಟ್ಟದ ಮೇಲಿದೆ. ಅಕ್ಕ ಅದನ್ನು ಎರಡು ಸಲ ಬಾವಿಗೆ ಕೇಳಿದಳು. ಕೊಟ್ಟಿಲ್ಲ. ಬರುವ ದೀಪಾವಳಿಗೆ ಅವನು ಬಂದಾಗ ಆ ಹುಡುಗರನ್ನು ಅಂಗಳದಲ್ಲಿ ಕೂರಿಸಿ, ಮೊದಲು ಎಂಟರ ಗಂಟು ಹಾಕಿಸುವುದೆಂದು ಮಾತಾಗಿದೆ.