ಆವಕ ರಿಜಿಸ್ಟರಿನಲ್ಲಿ ಇಲ್ಲದ ಮೊಸಳೆ

2023ರ ಅಕ್ಟೋಬರಿನಲ್ಲಿ ಒಂದು ಸಂಜೆ ಕೊಲ್ಹಾರದಿಂದ ನನ್ನ ಸೋದರಮಾವನ ಮಗ ಫೋನ್ ಮಾಡಿದ. ಅವನು ಫೋನ್ ಮಾಡಿದರೆ ವಿಷಯ ಎರಡೇ: ಒಂದು ಕೃಷ್ಣೆಯ ಹಿನ್ನೀರು, ಇನ್ನೊಂದು ಗಡಿಗೆ ಮೊಸರು. ಆ ದಿನ ಮೂರನೆಯದು ಬಂತು.

"ಅಣ್ಣಾ, ರೋಣಿಹಾಳದ ರೈತರು ಹೊಲದಲ್ಲಿ ಮೊಸಳೆ ಹಿಡಿದು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಕರೆಂಟ್ ಆಫೀಸಿಗೆ ತಂದಿದ್ದಾರೆ!"

"ಸುಳ್ಳು" ಎಂದೆ. ಯೋಚಿಸಿ ಹೇಳಿದ್ದಲ್ಲ, ಸೀನು ಬಂದ ಹಾಗೆ ಬಂತು.

ಈ ವಿಷಯದಲ್ಲಿ ನನಗೆ ಅಧಿಕಾರವಿಲ್ಲ ಎಂದು ಯಾರೂ ಹೇಳುವಂತಿಲ್ಲ. ವಿಜಯಪುರದ ಒಂದು ಸರಕಾರಿ ಕಚೇರಿಯಲ್ಲಿ ಆಗಲೇ ಮೂವತ್ತನಾಲ್ಕು ವರ್ಷ ಸವೆಸಿದ್ದೆ. ಅದರಲ್ಲಿ ಬಹುಪಾಲು ಆವಕ-ಜಾವಕ ವಿಭಾಗದಲ್ಲಿ. ಸರಕಾರಿ ಕಚೇರಿಗೆ ಏನೇನು ಬರುತ್ತದೆ ಎಂದು ಆವಕದ ಗುಮಾಸ್ತನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಅರ್ಜಿ ಬರುತ್ತದೆ, ನೆನಪೋಲೆ ಬರುತ್ತದೆ, ನೆನಪೋಲೆಗೆ ನೆನಪೋಲೆ ಬರುತ್ತದೆ. ಒಮ್ಮೆ ಒಬ್ಬ ರೈತ ಒಣಗಿದ ತೊಗರಿ ಗಿಡವನ್ನು ಬೇರುಸಹಿತ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು, "ಇದನ್ನೂ ಅರ್ಜಿಯ ಜೊತೆ ಲಗತ್ತಿಸಿ" ಎಂದಿದ್ದ. ಲಗತ್ತಿಸಿದ್ದೆ ಕೂಡ. ಆದರೆ ಮೊಸಳೆ? ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಫೋನಿನ ಮಾತು ಕೇಳುತ್ತ ಕುಳಿತಿದ್ದ ಏಳು ವರ್ಷದ ಮೊಮ್ಮಗ ತಕ್ಷಣ ನಂಬಿದ. "ಅಜ್ಜಾ, ಅದು ಟ್ರ್ಯಾಕ್ಟರಿನಲ್ಲಿ ಮುಂದೆ ಕುಳಿತಿತ್ತೋ ಹಿಂದೆಯೋ?" ಎನ್ನುವುದಷ್ಟೇ ಅವನ ಸಂಶಯ. ಎಂಬತ್ತನಾಲ್ಕರ ಅವ್ವ ಅಡಕೊತ್ತಿನಿಂದ ಕಣ್ಣೆತ್ತದೆ, "ಪಾಪ, ಅದಕ್ಕೆ ಯಾರಾದರೂ ನೀರು ಹಾಕಿದರಂತೋ ಇಲ್ಲವೋ, ಕೇಳು" ಎಂದಳು. ಮನೆಯಲ್ಲಿ ಏಳಕ್ಕೂ ಎಂಬತ್ತನಾಲ್ಕಕ್ಕೂ ಮೊಸಳೆಯ ಬಗ್ಗೆ ತಕರಾರಿಲ್ಲ. ತಕರಾರು ಐವತ್ತೆಂಟಕ್ಕೆ ಮಾತ್ರ.

ಹುಡುಗನಿಗಾದರೆ ಲೋಕವೇ ಹೊಸದು. ಮೊಸಳೆ ಆಫೀಸಿಗೆ ಬರುವುದೂ ಒಂಟೆ ಜಾತ್ರೆಗೆ ಬರುವುದೂ ಅವನಿಗೆ ಒಂದೇ. ಅವ್ವನದು ಬೇರೆ ಲೆಕ್ಕ. ಹಳೆಯ ಕೊಲ್ಹಾರ ಅವಳ ತವರು. ಆಲಮಟ್ಟಿಯ ಹಿನ್ನೀರು ಏರಿದ ಮೇಲೆ, ತಾನು ರಂಗೋಲಿ ಹಾಕುತ್ತಿದ್ದ ಅಂಗಳದ ಮೇಲೆ ದೋಣಿ ಹಾಯುವುದನ್ನು ದಂಡೆಯಲ್ಲಿ ನಿಂತು ನೋಡಿದವಳು. ಅಂಗಳಕ್ಕೆ ನದಿಯೇ ಬಂದಿರುವಾಗ ಮೊಸಳೆ ಆಫೀಸಿಗೆ ಬಂದರೆ ಏನು ವಿಶೇಷ?

ಖಚಿತತೆಯ ಕಾಯಿಲೆ ನನಗೆ ಹಿಡಿದದ್ದು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ. ದಿನಾಂಕವನ್ನೂ ಹೇಳಬಲ್ಲೆ: 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಸತ್ತವನಂತೆ ಮಲಗಿದ್ದೆ. ಅಡುಗೆಮನೆಯ ಹಲಗೆಯ ಮೇಲೆ ಅವ್ವ ಹಿತ್ತಾಳೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟಿದ್ದಳು. ದೊಡ್ಡದರಲ್ಲಿ ಜೋಳದ ಹಿಟ್ಟು, ಕಡೆಯ ಪುಟ್ಟದರಲ್ಲಿ ಸಾಸಿವೆ. ಮೊದಲು ಸಾಸಿವೆಯ ಡಬ್ಬಿ ಮುಚ್ಚಳ ನಡುಗಿಸಿತು. ಆಮೇಲೆ ಒಂದೊಂದಾಗಿ ದೊಡ್ಡವೂ ದನಿಗೂಡಿಸಿದವು. ಜೋಳದ ಹಿಟ್ಟಿನ ಡಬ್ಬಿ ಮಾತ್ರ ಕದಲದೆ, ಮನೆಯ ಯಜಮಾನನ ಹಾಗೆ ಗಂಭೀರವಾಗಿತ್ತು.

"ಭೂಮಿ ನಡುಗಿತು, ಏಳು" ಎಂದಳು ಅವ್ವ.

"ಬೆಕ್ಕು" ಎಂದೆ.

ಬೆಕ್ಕು ಎಂದು ಮಗ್ಗುಲು ಬದಲಿಸಿದ್ದರೆ ಮಾನ ಉಳಿಯುತ್ತಿತ್ತು. ಎದ್ದು ಕುಳಿತು ಪಾಠ ಮಾಡಿದೆ. ನಮ್ಮದು ದಖನ್ ಪ್ರಸ್ಥಭೂಮಿ, ಗಟ್ಟಿ ಕಪ್ಪು ಕಲ್ಲು, ಇಲ್ಲಿ ಭೂಕಂಪ ಆಗುವುದಿಲ್ಲ. ಆಗುವುದಾದರೆ 1656ರಲ್ಲಿ ಕಟ್ಟಿ ಮುಗಿಸಿದ ಗೋಳಗುಮ್ಮಟ, ಒಳಗೆ ನಡುವೆ ಒಂದು ಕಂಬವೂ ಇಲ್ಲದ ಅಷ್ಟು ದೊಡ್ಡ ಗುಮ್ಮಟ, ಇನ್ನೂ ನಿಂತಿರುತ್ತಿತ್ತೇ? ವಾದ ನನಗೇ ಇಷ್ಟವಾಯಿತು. ಸಮಾಧಾನದಿಂದ ಮತ್ತೆ ಮಲಗಿದೆ.

ಬೆಳಕು ಹರಿದ ಮೇಲೆ ರೇಡಿಯೋ ಕಿಲ್ಲಾರಿಯ ಹೆಸರು ಹೇಳಿತು. ನೂರೈವತ್ತು ಕಿಲೋಮೀಟರಿಗೂ ಆಚೆ, ಲಾತೂರು ಜಿಲ್ಲೆಯಲ್ಲಿ, ಊರೂರುಗಳೇ ಕಲ್ಲುಮಣ್ಣಿನ ಗೋಡೆಗಳ ಅಡಿಯಲ್ಲಿ ಹೋಗಿದ್ದವು. ಸತ್ತವರು ಹತ್ತು ಸಾವಿರದ ಹತ್ತಿರ. ಆ ದಿನ ಮನೆಯಲ್ಲಿ ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ಅವ್ವ ಒಲೆ ಹಚ್ಚಲೇ ಇಲ್ಲ.

ನನಗಿಂತ ಓದಿದವರೂ ಇಲ್ಲಿ ತಪ್ಪಿದ್ದರು ಎಂಬುದು ಆಮೇಲೆ ತಿಳಿಯಿತು. ದೇಶದ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರ ಹೊಸ ನಕ್ಷೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿ ಎರಡನೆಯದಕ್ಕೆ ಸೇರಿಸಿದರು. ಅವರಿಗೆ ಆ ಸೌಕರ್ಯವಿತ್ತು. ನನ್ನ "ಬೆಕ್ಕು" ಎಂಬ ಹೇಳಿಕೆಯನ್ನು ಹಿಂಪಡೆಯಲು ನಮ್ಮ ಮನೆಯಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಬೆಕ್ಕಿನ ಮಾರ್ದನಿ ಮೂವತ್ತು ವರ್ಷ ನಡೆಯಿತು.

ಅದರ ನಷ್ಟ 1995ರ ಸೆಪ್ಟೆಂಬರ್ 21ರಂದು ಗೊತ್ತಾಯಿತು. ಆ ದಿನ ದೇಶದ ಉದ್ದಗಲಕ್ಕೂ ಗಣಪತಿ ಹಾಲು ಕುಡಿದ. ಅವ್ವ ಚಮಚ, ತಂಬಿಗೆ ಹಿಡಿದು ಹೊರಟಳು. ಸೊಂಡಿಲಿಗೆ ತಾಗಿದ ಹಾಲು ಮೇಲ್ಮೈ ಸೆಳೆತದಿಂದ ಚಮಚದ ಅಂಚು ದಾಟುತ್ತದೆ, ಕಲ್ಲಿನ ಮೇಲೆ ತೆಳ್ಳಗೆ ಹರಿದು ಇಳಿಯುತ್ತದೆ, ಬೇಕಾದರೆ ನಮ್ಮ ರುಬ್ಬುವ ಕಲ್ಲಿಗೂ ಕುಡಿಸಿ ತೋರಿಸುತ್ತೇನೆ ಎಂದೆ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವ್ವ ಹೊಸ್ತಿಲಲ್ಲಿ ತಿರುಗಿ ನಿಂತು, "ಭೂಕಂಪ ಆಗುವುದಿಲ್ಲ ಎಂದವನು ನೀನೇ ಅಲ್ಲವೇ?" ಎಂದು ಕೇಳಿ ಹೋದಳು. ನನ್ನ ಜೀವನದಲ್ಲಿ ನಾನು ಪೂರ್ತಿ ಸರಿಯಿದ್ದ ದಿನಗಳು ಬಹಳವಿಲ್ಲ. ಇದ್ದ ಒಂದನ್ನು ಬೆಕ್ಕು ತಿಂದಿತು.

ಸುಟ್ಟ ಬಾಯಿ ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. 2021ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಣ್ಣಪುಟ್ಟ ಕಂಪನಗಳು ಶುರುವಾದಾಗ ನಾನು ಸಿದ್ಧನಾಗಿದ್ದೆ. ಒಂದು ನಡುರಾತ್ರಿ ಕಿಟಕಿಯ ಗಾಜು ಝೇಂಕರಿಸಿತು, ಮಂಚ ಸಣ್ಣಗೆ ನಡುಗಿತು. ಈ ಸಲ ಬೆಕ್ಕಿನ ಹೆಸರೆತ್ತಲಿಲ್ಲ. "ಭೂಕಂಪ!" ಎಂದು ಕೂಗಿದೆ. ಬನಿಯನ್, ಲುಂಗಿ, ಬಗಲಲ್ಲಿ ಮನೆಯ ಉತಾರೆ ಇಟ್ಟ ಪ್ಲಾಸ್ಟಿಕ್ ಚೀಲ, ಇಷ್ಟೇ ಸಂಸಾರದೊಂದಿಗೆ ಬೀದಿಗೆ ಬಂದೆ. ಚಪ್ಪಲಿ ಎರಡೂ ಎಡಗಾಲಿನವು. ದಾರಿಯಲ್ಲಿ ನಾಲ್ಕು ಮನೆಗಳ ಬಾಗಿಲನ್ನೂ ಬಡಿದೆ. ನೆರೆಯವರು ಕಂಬಳಿ ಹೊದ್ದು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಹೊರಬಂದರು. ಬೀದಿನಾಯಿಗಳು ಬೊಗಳಿದ್ದೂ ಒಳ್ಳೆಯದಾಯಿತು. ಪ್ರಾಣಿಗಳಿಗೆ ಮೊದಲೇ ತಿಳಿಯುತ್ತದೆ ಎಂದು ಅಲ್ಲಿ ನೆರೆದವರಿಗೆ ವಿವರಿಸುವುದಕ್ಕೆ ಅನುಕೂಲವಾಯಿತು.

ಎಂಬತ್ತೆರಡರ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಹೆಂಡತಿ ಕರೆದರೆ ಒಳಗಿನಿಂದಲೇ, "ಭೂಮಿ ಇಷ್ಟು ಹೊತ್ತು ಅಲುಗುವುದಿಲ್ಲ. ಬಂದ ಹಾಗೆ ಹೋಗುತ್ತದೆ. ಯಾರೋ ಬೋರ್ ಹಾಕಿಸುತ್ತಿದ್ದಾರೆ, ಅವನನ್ನು ಒಳಗೆ ಕರೆ, ನೆಗಡಿಯಾದೀತು" ಎಂದಳಂತೆ.

ಬೀದಿಯ ತಿರುವಿನಲ್ಲಿ ತಮಿಳುನಾಡು ನೋಂದಣಿಯ ಲಾರಿ ನಿಂತು, ಬಿಳಿ ಧೂಳೆಬ್ಬಿಸುತ್ತ ನೆಲ ಕೊರೆಯುತ್ತಿತ್ತು. ಬೋರ್ ಹಾಕಿಸುತ್ತಿದ್ದ ಪುಣ್ಯಾತ್ಮ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ನೀರಿಗಾಗಿ ಕಾಯುತ್ತಿದ್ದ. ಅಷ್ಟು ಜನ ನೆರೆದದ್ದನ್ನು ಕಂಡು ಅವನ ಕಣ್ಣು ಒದ್ದೆಯಾಯಿತು. "ಇಷ್ಟು ರಾತ್ರಿಯಲ್ಲಿ ನಮ್ಮ ಗಂಗೆಯನ್ನು ನೋಡಲು ಬಂದಿರಲ್ಲ" ಎಂದು ಕೈ ಮುಗಿದ. ಏನೂ ಹೇಳದೆ ನಾವೂ ಕೈ ಮುಗಿದೆವು. ನೀರು ಬಿತ್ತೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ.

ಹತ್ತು ದಿನಗಳ ನಂತರ ಒಂದು ರಾತ್ರಿ ಭೂಮಿ ನಿಜವಾಗಿಯೂ ಕಂಪಿಸಿತು. ಓಣಿಯವರೆಲ್ಲ ಹೊರಗೆ ಓಡಿದರು. ನಾನು ಎಚ್ಚರಾಗಿ ಕಿವಿಗೊಟ್ಟು ಕೇಳಿ, "ಬೋರ್" ಎಂದು ಮಲಗಿದೆ.

ಇಷ್ಟಾದ ಮೇಲೂ ಮೊಸಳೆಯನ್ನು ಏಕೆ ನಂಬಲಿಲ್ಲ ಎಂದು ನೀವು ಕೇಳಬಹುದು. ಮಗಳೂ ಕೇಳಿದಳು. ಅವಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಲಾಪ್ಲಾಸ್ ಎಂಬ ಫ್ರೆಂಚ್ ಗಣಿತಜ್ಞ ಹೇಳಿದ ಒಂದು ಸೂತ್ರವಿದೆಯಂತೆ. ಒಂದು ಸಂಗತಿ ತಪ್ಪದೆ ಎಷ್ಟು ಸಲ ನಡೆದಿದೆಯೋ ಆ ಸಂಖ್ಯೆಗೆ ಒಂದು ಕೂಡಿಸಿ, ಅದೇ ಸಂಖ್ಯೆಗೆ ಎರಡು ಕೂಡಿಸಿದ್ದರಿಂದ ಭಾಗಿಸಿದರೆ ಮುಂದಿನ ಸಲವೂ ಅದು ನಡೆಯುವ ಸಂಭವ ಸಿಗುತ್ತದೆ. ನಾಳೆ ಸೂರ್ಯ ಹುಟ್ಟುತ್ತಾನೆಯೇ ಎಂಬುದಕ್ಕೂ ಆತ ಐದು ಸಾವಿರ ವರ್ಷಗಳ ದಿನಗಳನ್ನು ಎಣಿಸಿ ಹೀಗೆಯೇ ಲೆಕ್ಕ ಹಾಕಿದ್ದ.

ನನಗೆ ಆನೆ ಬಲ ಬಂತು. ರಜೆಗಳನ್ನು ಕಳೆದು ನನ್ನ ಸೇವೆ ಸುಮಾರು 9,500 ದಿನ. ಒಂದು ದಿನವೂ ಮೊಸಳೆ ಆವಕಕ್ಕೆ ಬಂದಿಲ್ಲ. ಆದ್ದರಿಂದ ಮರುದಿನ ಬರುವ ಸಂಭವ 9,502ರಲ್ಲಿ ಒಂದು. "ನೋಡು, ಗಣಿತವೂ ನನ್ನ ಕಡೆಗಿದೆ" ಎಂದೆ.

"ಅಪ್ಪಾ, ಸೂರ್ಯ ಏಕೆ ಹುಟ್ಟುತ್ತಾನೆ ಎಂದು ತಿಳಿದವನಿಗೆ ಬರೀ ಎಣಿಕೆ ಸಾಲದು ಎಂದೂ ಲಾಪ್ಲಾಸ್ ಹೇಳಿದ್ದಾನೆ. ರೋಣಿಹಾಳ ಎಲ್ಲಿದೆ? ಕೃಷ್ಣೆಯಲ್ಲಿ ಮೊಸಳೆ ಇವೆಯೋ ಇಲ್ಲವೋ? ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟ್ ಕೊಟ್ಟರೆ ರೈತ ಹೊಲಕ್ಕೆ ಯಾವಾಗ ಹೋಗಬೇಕು? ಕತ್ತಲಲ್ಲಿ ಅವನ ಎದುರಿಗೆ ಬರುವುದು ಏನು?"

ನಾನು ಎಣಿಸಿದ್ದು ನನ್ನ ಮೇಜಿನ ದಿನಗಳನ್ನು. ಮೊಸಳೆ ನನ್ನ ಮೇಜನ್ನು ಕೇಳಿ ಹೊರಟಿರಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಹಗಲು ಕರೆಂಟ್ ಕೊಡಿ, ರಾತ್ರಿ ನೀರು ಹಾಯಿಸಲು ಹೋದರೆ ಇದು ಕಚ್ಚಿದರೆ ಯಾರು ಹೊಣೆ ಎಂಬುದು ರೈತರ ಪ್ರಶ್ನೆ. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದು ನದಿಗೆ ಬಿಟ್ಟಿದ್ದರು. ನನ್ನ ಸೇವಾವಧಿಯಲ್ಲಿ ನಾನು ಕಂಡ ಅರ್ಜಿಗಳಲ್ಲಿ ಇಷ್ಟು ಸ್ಪಷ್ಟವಾದ ಲಗತ್ತು ಯಾವುದಕ್ಕೂ ಇರಲಿಲ್ಲ. ಅವ್ವನಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಹಾಗಾದರೆ ಹಗಲು ಕರೆಂಟ್ ಬಂತೋ?" ಅದಕ್ಕೆ ಮೂವತ್ತನಾಲ್ಕು ವರ್ಷದ ಅನುಭವದ ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

ಆ ವಾರ ಮೊಮ್ಮಗ ಶಾಲೆಯ ನೋಟುಬುಕ್ಕನ್ನು ಸಹಿಗೆ ತಂದ. ಪರಿಸರ ಅಧ್ಯಯನದ ಪ್ರಶ್ನೆ: ಮೊಸಳೆ ಎಲ್ಲಿರುತ್ತದೆ? ಹುಡುಗ ದುಂಡಗೆ ಬರೆದಿದ್ದ: "ನದಿಯಲ್ಲಿ, ಹೊಲದಲ್ಲಿ ಮತ್ತು ಕರೆಂಟ್ ಆಫೀಸಿನಲ್ಲಿ." ಮೊದಲನೆಯದಕ್ಕೆ ಸರಿ ಗುರುತು. ಉಳಿದೆರಡರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ.

"ನಿಮ್ಮ ಟೀಚರಿಗೆ ವಯಸ್ಸೆಷ್ಟೋ?" ಎಂದೆ.

"ಮೊನ್ನೆ ಹುಟ್ಟುಹಬ್ಬವಾಯಿತಲ್ಲ, ಚಾಕೊಲೇಟ್ ಕೊಟ್ಟರು. ಇಪ್ಪತ್ತೆಂಟಂತೆ."

ನಾನು ಪೆನ್ನು ತೆಗೆದು ಸಹಿ ಮಾಡಿದೆ, ದಿನಾಂಕ ಹಾಕಿದೆ, ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಪುಟಕ್ಕೆ ಗುಂಡುಪಿನ್ನು ಚುಚ್ಚಿ ಕೆಳಗೆ ಬರೆದೆ: "ಲಗತ್ತು: ಒಂದು."