ಬೆಳ್ಳಿ ಎಲ್ಲಿತ್ತು?

ಜಪಾನಿನ ಕ್ಯೋಟೋ ನಗರದ ಗಿಂಕಾಕುಜಿ ಮಠದ ಮಂಟಪಕ್ಕೆ ಹೊದಿಸಿದ್ದ ಬೆಳ್ಳಿ ಕಾಲಕ್ರಮೇಣ ಉದುರಿಹೋಯಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇಲ್ಲ ಸರ್, ಅಲ್ಲಿ ಬೆಳ್ಳಿ ಹೊದಿಸಿಯೇ ಇರಲಿಲ್ಲ. ದುರಸ್ತಿ ವೇಳೆ ಮರವನ್ನು ಪರೀಕ್ಷಿಸಿದಾಗಲೂ ಬೆಳ್ಳಿಯ ಕುರುಹು ಸಿಗಲಿಲ್ಲ. 'ಬೆಳ್ಳಿ ಮಂಟಪ' ಅನ್ನೋದು ಎಷ್ಟೋ ಕಾಲದ ಮೇಲೆ ಜನ ಇಟ್ಟ ಹೆಸರು. ನಾನು ನೋಡಿದಾಗ ಕಂಡಿದ್ದು ಮಳೆಗೆ ನೆನೆದು ಕಪ್ಪಾದ ಹಲಗೆಗಳು, ಪಕ್ಕದಲ್ಲಿ ತುದಿ ಕತ್ತರಿಸಿದ ಹಾಗಿರೋ ಮರಳಿನ ಗುಡ್ಡೆ, ಅಷ್ಟೇ.

ಇನ್ನೊಂದು ಮಾತು. ಇದನ್ನು ಕಟ್ಟಿಸಿದ ಮಾಜಿ ಶೋಗನ್ (ಸೇನಾ ಆಡಳಿತಗಾರ) ಯೋಶಿಮಾಸಾ 'ಎಲ್ಲ ತೊರೆದು' ಇಲ್ಲಿದ್ದ ತನ್ನ ಅರಮನೆಯನ್ನು ಮಠಕ್ಕೆ ಕೊಟ್ಟ ಅಂತ ನೀವು ಬರೆದಿದ್ದು ಸ್ವಲ್ಪ ಜಾಸ್ತಿಯಾಯಿತು. ಹತ್ತು ವರ್ಷದ ಓನಿನ್ ಅಂತರ್ಯುದ್ಧದಲ್ಲಿ ಕ್ಯೋಟೋ ಸುಟ್ಟು ಬೂದಿಯಾಗಿತ್ತು. ಅದು ಮುಗಿದು ಐದೇ ವರ್ಷಕ್ಕೆ, 1482ರಲ್ಲಿ, ಜನರಿಂದ ತೆರಿಗೆ ಎತ್ತಿ ಈ ಮನೆ ಶುರುಮಾಡಿದ. 1485ರಲ್ಲಿ ಸನ್ಯಾಸ ತಗೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ನೀವು ಹೇಳೋ ಮಂಟಪದ ಕೆಲಸ ಶುರುವಾಗಿದ್ದೇ 1489ರಲ್ಲಿ! ಮರುವರ್ಷ ಆತ ತೀರಿಕೊಂಡ. ಜಾಗ ಝೆನ್ ಬೌದ್ಧ ಮಠವಾಗಿದ್ದು ಆಮೇಲೆ, ಅವನ ಇಚ್ಛೆಯಂತೆ. ಬದುಕಿರೋವರೆಗೂ ಅದು ಅವನ ಮನೆಯೇ ಆಗಿತ್ತು ಅಲ್ವಾ?