ನನ್ನ ಎಲೆ ನಿನಗೆ ಹೋಯ್ತು

ಯುಗಾದಿ ದಿನ ಹೋಳಿಗೆ ಊಟ ಮುಗಿದ ಮೇಲೆ ನಮ್ಮ ಕಡೆ ಚಾಪೆ ಹಾಸುವುದು ಮಲಗುವುದಕ್ಕಲ್ಲ, ಇಸ್ಪೀಟಿಗೆ. ವರ್ಷವೆಲ್ಲ ಜೂಜು ಅಂದರೆ ಮುಖ ಸಿಂಡರಿಸುವ ಅಜ್ಜಿಯಂದಿರೂ ಆವತ್ತು ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ತೆಗೆಯುತ್ತಾರೆ. ಈ ಸಲ ರಮ್ಮಿಗೆ ಕೂತೆವು. ಒಂದು ಆಟ ಆದ ಮೇಲೆ ಅಕ್ಕ ಪಾತ್ರೆ ತೊಳೆದಿಟ್ಟು ಬಂದು ನನಗೂ ಭಾವನಿಗೂ ಮಧ್ಯೆ ಜಾಗ ಮಾಡಿಕೊಂಡು ಕೂತಳು. ಮುಂದಿನ ಆಟ ಅವಳೇ ಗೆದ್ದಳು. ಭಾವ ಕೈಲಿದ್ದ ಎಲೆ ಬಿಸಾಕಿ, "ನೀನು ಮಧ್ಯೆ ಬಂದು ಕೂತೆ, ನನ್ನ ಎಲೆಯೆಲ್ಲ ನಿನಗೆ ಹೋಯ್ತು" ಅಂದರು.

ನನಗೆ ಮೈ ಉರಿಯುವುದು ಇಂಥ ಮಾತಿಗೆ. ಮಗುಚಿಟ್ಟ ಕಟ್ಟು. ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಅದರಲ್ಲಿ 'ಭಾವನ ಎಲೆ' ಎಂದು ಯಾವುದಕ್ಕಾದರೂ ಹೆಸರು ಬರೆದಿತ್ತಾ? ಅಕ್ಕ ಮಧ್ಯೆ ಬರದಿದ್ದರೆ ಬರಬಹುದಾಗಿದ್ದ ಒಳ್ಳೆ ಎಲೆ ಎಷ್ಟೋ, ಕೆಟ್ಟ ಎಲೆಯೂ ಅಷ್ಟೇ. ಬಂದ ದರಿದ್ರ ಎಲೆಯನ್ನು ಮಾತ್ರ 'ಇದು ಪಕ್ಕದವರದ್ದು, ತಪ್ಪಿ ನನಗೆ ಬಂತು' ಎಂದು ಯಾರೂ ವಾಪಸ್ ಕೊಡಲ್ಲ. ಇದನ್ನು ಹೇಳಿದೆ. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. "ಇದು ಅದೃಷ್ಟದ ಆಟ ಅಲ್ಲ ಕಣಯ್ಯ, ಸುಪ್ರೀಂ ಕೋರ್ಟೇ ಹೇಳಿದೆ" ಅಂದರು. ಹೇಳಿರುವುದು ನಿಜ. 1967ರಲ್ಲಿ ಆಂಧ್ರದ ಒಂದು ಕ್ಲಬ್ಬಿನ ಕೇಸಿನಲ್ಲಿ, ರಮ್ಮಿ ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ್ದಲ್ಲ, ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಎಂಬ ಜಾಣತನ ಬೇಕು ಎಂದಿತ್ತು. ಗೆದ್ದರೆ ಸುಪ್ರೀಂ ಕೋರ್ಟು, ಸೋತರೆ ಅಕ್ಕ ಕೂತ ಜಾಗ. ಇದು ಭಾವನ ಕಾನೂನು.

ಈ ವಾಗ್ವಾದ ಕೇಳಿಸಿಕೊಂಡು ಅಕ್ಕನ ಮಗಳು ಮೊಬೈಲಿನಿಂದ ತಲೆ ಎತ್ತಿದಳು. ಮೊದಲನೇ ಪಿಯು, ಸೈನ್ಸು. "ಮಾಮ, ಯಾವ ಲೆಕ್ಕಕ್ಕೆ ಎನ್ ಪಿ ಆರ್ ಹಾಕಬೇಕು, ಯಾವುದಕ್ಕೆ ಎನ್ ಸಿ ಆರ್? ಪರ್ಮ್ಯುಟೇಶನ್ನು, ಕಾಂಬಿನೇಶನ್ನು, ಅದೇನು ಡಿಫರೆನ್ಸು ಹೇಳು, ಒಂದೇ ವಾಕ್ಯದಲ್ಲಿ." ಹೇಳ್ತೀನಿ ಇರು ಅಂದೆ. ವಿಷಯ ಇಷ್ಟೇ, ಯಾವುದು ಎಲ್ಲಿ, ಹಿಂದೋ ಮುಂದೋ ಎಂಬುದು ಲೆಕ್ಕಕ್ಕೆ ಬಂದರೆ ಪರ್ಮ್ಯುಟೇಶನ್ನು, ಅಂದರೆ ಎನ್ ಪಿ ಆರ್. ಯಾವ್ಯಾವುದು ಬಂತು ಎಂಬುದಷ್ಟೇ ಸಾಕಾದರೆ ಕಾಂಬಿನೇಶನ್ನು, ಎನ್ ಸಿ ಆರ್.

ಹೇಳುವುದಕ್ಕೆ ಮೊದಲು ಅವಳ ಪುಸ್ತಕ ತರಿಸಿ ನೋಡಿದೆ. ನಮ್ಮ ಕಾಲದ ಲೆಕ್ಕಗಳೇ ಹಾಗೇ ಕೂತಿವೆ. ಇಷ್ಟು ಜನ ಗಂಡಸರು, ಇಷ್ಟು ಜನ ಹೆಂಗಸರು, ಅವರಲ್ಲಿ ಐವರ ಸಮಿತಿಯನ್ನು ಎಷ್ಟು ರೀತಿ ಮಾಡಬಹುದು? ಈ ಪುಸ್ತಕ ಬರೆದವರು ಯಾವತ್ತಾದರೂ ಒಂದು ಸಮಿತಿ ಮಾಡುವುದನ್ನು ಕಣ್ಣಾರೆ ನೋಡಿದ್ದಾರಾ? ನಮ್ಮೂರ ಗಣೇಶೋತ್ಸವ ಸಮಿತಿಯನ್ನು ಒಂದೇ ರೀತಿ ಮಾಡಬಹುದು, ಹೋದ ವರ್ಷ ಮಾಡಿದ ರೀತಿ. ಇನ್ನೊಂದು ಲೆಕ್ಕದಲ್ಲಿ ಒಂದಿಷ್ಟು ಜನರನ್ನು ಸಾಲಾಗಿ ಕೂರಿಸಬೇಕು, ಆದರೆ ಯಾವ ಇಬ್ಬರು ಹೆಂಗಸರೂ ಅಕ್ಕಪಕ್ಕ ಕೂರಬಾರದು. ಯಾಕೆ ಕೂರಬಾರದು? ಏನು ಜಗಳ? ಅದನ್ನು ಪುಸ್ತಕ ಹೇಳಲ್ಲ. ಮಕ್ಕಳು ಕೇಳಬೇಕಾದ ಪ್ರಶ್ನೆ ಅದು.

"ಸದ್ಯಕ್ಕೆ ನೀನೇನು ಮಾಡ್ತಿದ್ದೀಯ?" ಎಂದು ಕೇಳಿದೆ.

"ಎರಡೂ ಹಾಕಿ ನೋಡ್ತೀನಿ ಮಾಮ. ಆಪ್ಷನ್ನಲ್ಲಿ ಯಾವ ಉತ್ತರ ಇದೆಯೋ ಅದಕ್ಕೆ ಟಿಕ್."

"ಎರಡೂ ಇದ್ದರೆ?"

"ಎರಡೂ ಇದ್ದೇ ಇರತ್ತೆ. ಅದೇ ಪ್ರಾಬ್ಲಮ್ಮು."

ಬೆಳಿಗ್ಗೆ ತಿಂದ ಬೇವು ಬೆಲ್ಲದಿಂದ ಶುರು ಮಾಡೋಣ ಎಂದುಕೊಂಡೆ. ಬೇವು ತಿಂದು ಬೆಲ್ಲ ಬಾಯಿಗೆ ಹಾಕಿಕೊಂಡರೆ ಒಂದು ಥರ. ಬೆಲ್ಲ ಮುಗಿಸಿ ಕೊನೆಗೆ ಬೇವು ಜಗಿದರೆ ಕಾಫಿ ಕುಡಿಯುವವರೆಗೂ ಪಶ್ಚಾತ್ತಾಪ. ಎರಡನ್ನೂ ಕುಟ್ಟಿ ಉಂಡೆ ಮಾಡಿದರೆ ಹಿಂದು ಮುಂದು ಎಂಬುದೇ ಇಲ್ಲ. ಅಷ್ಟರಲ್ಲಿ ಮಹಾವೀರಾಚಾರ್ಯರು ನೆನಪಾದರು. 9ನೇ ಶತಮಾನದವರು. ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲ. ಇಷ್ಟರಲ್ಲಿ ಇಷ್ಟನ್ನು ಆರಿಸಲು ಎಷ್ಟು ದಾರಿ ಎಂಬುದಕ್ಕೆ ಅವರ 'ಗಣಿತಸಾರಸಂಗ್ರಹ'ದಲ್ಲಿ ಸೂತ್ರವೇ ಇದೆ. ಅದರ ಉದಾಹರಣೆಗಳಲ್ಲಿ ಒಂದು ಆರು ರುಚಿಗಳದ್ದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಸೇರಿಸಿ ಎಷ್ಟು ಬಗೆ ಮಾಡಬಹುದು? 63. ಈ 63ರ ಲೆಕ್ಕ ಅದಕ್ಕೂ ಮೊದಲೇ ಸುಶ್ರುತ ಸಂಹಿತೆಯಲ್ಲೂ ಇದೆ. ಇಷ್ಟು ಹೇಳುವಾಗ ಅಕ್ಕ, "63ರಲ್ಲಿ ನಿಮ್ಮ ಭಾವ ತಿನ್ನೋದು ನಾಲ್ಕು" ಅಂದಳು. ಮಾತು ಎಲ್ಲಿಗೋ ಹೋಯಿತು.

ನಿಜವಾಗಿ ನಾನು ಹೇಳಬೇಕು ಅಂದುಕೊಂಡಿದ್ದು ಸೋಮನಾಥಪುರದ ಕತೆ.

ಸೋಮನಾಥಪುರದ ಕೇಶವ ದೇವಾಲಯ ಗೊತ್ತಲ್ಲ, ಮೂರು ಗೋಪುರದ್ದು, 13ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಹೋದ ದಸರಾ ರಜೆಯಲ್ಲಿ ಎಲ್ಲರೂ ಒಂದು ಟಿಟಿ ಮಾಡಿಕೊಂಡು ಹೋಗಿದ್ದೆವು. ಪೂಜೆಗೆ ಕೂತಾಗ ಪುರೋಹಿತರು ಕೇಶವ, ನಾರಾಯಣ, ಮಾಧವ ಎಂದು ಶುರು ಮಾಡಿ ಕೃಷ್ಣನವರೆಗೆ 24 ಹೆಸರು ಹೇಳುತ್ತಾರಲ್ಲ, ಆ 24 ವಿಷ್ಣುಗಳಿಗೂ ಕೈ ನಾಲ್ಕೇ. ಕೈಯಲ್ಲಿರುವುದೂ ಅದೇ ನಾಲ್ಕು, ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದು ಎಂಬುದರ ಮೇಲೆ ಹೆಸರು. ಭಾಸ್ಕರಾಚಾರ್ಯರು 1150ರ 'ಲೀಲಾವತಿ'ಯಲ್ಲಿ ಇದನ್ನೇ ಲೆಕ್ಕ ಮಾಡಿಕೊಟ್ಟಿದ್ದಾರೆ. ಹರಿಯ ನಾಲ್ಕು ಕೈಯಲ್ಲಿ ಈ ನಾಲ್ಕನ್ನು ಅದಲು ಬದಲು ಮಾಡಿದರೆ ಎಷ್ಟು ಮೂರ್ತಿ ಎಂದು. ಅಲ್ಲೇ ಶಿವನ ಲೆಕ್ಕವನ್ನೂ ಕೇಳುತ್ತಾರೆ. ಶಂಭುವಿಗೆ ಹತ್ತು ಕೈ, ಪಾಶ, ಅಂಕುಶ, ಹಾವು, ಡಮರು, ಕಪಾಲ, ತ್ರಿಶೂಲ ಹೀಗೆ ಹತ್ತು ಸಾಮಾನು. ಅದರ ಉತ್ತರ 36,28,800. ದಿನಕ್ಕೊಂದು ಕೆತ್ತಿದರೂ ಹತ್ತಿರ ಹತ್ತಿರ ಹತ್ತು ಸಾವಿರ ವರ್ಷದ ಕೆಲಸ. ಶಿಲ್ಪಿಗಳು ಲೆಕ್ಕ ಹಾಕಿಯೇ ವಿಷ್ಣುವಿನ ಕಡೆ ವಾಲಿದರೇನೋ.

ಅಕ್ಕ ಆ 24ರ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಳು. ಕೆಳಗಿನ ಬಲಗೈ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ, ಈ ಸುತ್ತಿನಲ್ಲಿ ಓದಿಕೊಂಡು ಹೋಗಬೇಕು. ಹೊರಗೋಡೆ ಸುತ್ತುತ್ತಾ ಇದು ಗೋವಿಂದ, ಇದು ತ್ರಿವಿಕ್ರಮ, ಇದು ಶ್ರೀಧರ ಎಂದು ಜೋರಾಗಿ ಹೇಳುತ್ತಿದ್ದಳು. ಮಕ್ಕಳಿಗೆ ಅರ್ಥ ಆಗಲಿಲ್ಲ. ಅದಕ್ಕೆ ಭಾವನನ್ನು ಮುಂದೆ ನಿಲ್ಲಿಸಿ, ನನ್ನನ್ನು ಅವರ ಬೆನ್ನಿಗೆ ಅಂಟಿಸಿ ನಿಲ್ಲಿಸಿದಳು. ಒಟ್ಟು ನಾಲ್ಕು ಕೈ. ಗದೆಗೆ ನೀರಿನ ಬಾಟಲಿ, ಚಕ್ರಕ್ಕೆ ಚಿತ್ರಾನ್ನದ ಡಬ್ಬಿಯ ಮುಚ್ಚಳ, ಶಂಖಕ್ಕೆ ಭಾವನ ಮೊಬೈಲು, ಪದ್ಮಕ್ಕೆ ಅರ್ಧ ಸುಲಿದ ಕಿತ್ತಳೆ. "ಈಗ ನೀವು ಮಾಧವ. ಬಾಟಲಿ ಈ ಕೈಗೆ ಕೊಡಿ, ಆ, ಈಗ ನಾರಾಯಣ." ಕೊಡುವುದೂ ತೆಗೆದುಕೊಳ್ಳುವುದೂ ಬೆನ್ನ ಹಿಂದಿನಿಂದ, ನನಗೆ ಏನೂ ಕಾಣುತ್ತಿಲ್ಲ. ಕಿತ್ತಳೆ ರಸ ಭಾವನ ಶರ್ಟಿಗೆ ಇಳಿಯಿತು. ಅಧೋಕ್ಷಜ ಆಗುವ ಹೊತ್ತಿಗೆ ಉತ್ತರ ಭಾರತದ ಒಂದು ಕುಟುಂಬ ನಿಂತು ನಮ್ಮ ಫೋಟೋ ತೆಗೆಯುತ್ತಿತ್ತು. ಅವರ ಪಾಲಿಗೆ ಅದೂ ಹೊಯ್ಸಳ ಶೈಲಿಯೇ.

ಆಗ ಅಲ್ಲಿದ್ದ ಗೈಡ್ ಒಬ್ಬರು ಹತ್ತಿರ ಬಂದು, ಬಹಳ ಮರ್ಯಾದೆಯಿಂದ, "ಅಮ್ಮಾ, ಬಲಗೈ ಅಂದರೆ ನೋಡುವವರ ಬಲ ಅಲ್ಲ, ದೇವರ ಬಲ" ಅಂದರು.

ಅಲ್ಲಿಯವರೆಗೆ ಗುರುತಿಸಿದ್ದ ಅಷ್ಟೂ ದೇವರ ಹೆಸರು ಒಂದೇ ಏಟಿಗೆ ಬದಲಾಯಿತು. ಅಕ್ಕ ಮೊದಲಿನಿಂದ ಸುತ್ತೋಣ ಅಂದಳು. ಅಕ್ಕನ ಮಗಳು ಮೊಬೈಲಿನಲ್ಲಿ ಇನ್ನೊಂದು ಪಟ್ಟಿ ತೆಗೆದಳು, ಅದು ಅಕ್ಕನ ಪಟ್ಟಿಗೆ ಹೊಂದಲಿಲ್ಲ. ಹೊಂದುವುದೂ ಇಲ್ಲ, ಒಂದೊಂದು ಗ್ರಂಥದಲ್ಲಿ ಒಂದೊಂದು ಕ್ರಮ. ಸಾಲದ್ದಕ್ಕೆ ಕೆಲವು ಮೂರ್ತಿಗಳ ಕೈ ಮುರಿದಿದೆ. ಒಂದು ಕೈ ಹೋಗಿದ್ದರೆ ಚಿಂತೆಯಿಲ್ಲ, ಉಳಿದ ಮೂರು ನೋಡಿದರೆ ನಾಲ್ಕನೆಯದು ತಾನೇ ಗೊತ್ತಾಗುತ್ತದೆ. ಎರಡು ಹೋಗಿದ್ದರೆ ಇಬ್ಬರಲ್ಲಿ ಒಬ್ಬ, ಯಾರು ಎಂದು ಹೇಳುವ ಹಾಗಿಲ್ಲ. ನಾನು ಇದನ್ನು ಯೋಚಿಸುತ್ತಾ ನಿಂತಿದ್ದರೆ ಭಾವ ಶರ್ಟು ಒರೆಸಿಕೊಳ್ಳುತ್ತಾ, "ಕೇಶವ ಅಂದ್ರೂ ಅವನೇ, ಮಾಧವ ಅಂದ್ರೂ ಅವನೇ. ನಾಲ್ಕು ಸಾಮಾನೂ ಕೈಲಿ ಇದಾವಲ್ಲ, ಸಾಕು. ಹೊಟ್ಟೆ ಹಸೀತಿದೆ ನಡೀರಿ" ಅಂದರು.

ನೋಡಿ, ಇದೇ ಮನುಷ್ಯ. ದೇವರ ವಿಷಯದಲ್ಲಿ, ಯಾವುದು ಎಲ್ಲಿದೆ ಎಂಬುದೇ ಎಲ್ಲ ಆಗಿರುವ ಕಡೆ, ಹೇಗಿದ್ದರೂ ನಡೆಯುತ್ತದೆ. ಇಸ್ಪೀಟಿನಲ್ಲಿ, ಯಾರು ಎಲ್ಲಿ ಕೂತರೂ ಎಲೆ ಬರುವ ಸಾಧ್ಯತೆ ಕೂದಲೆಳೆಯಷ್ಟೂ ಬದಲಾಗದ ಕಡೆ, ಹೆಂಡತಿ ಕೂತ ಜಾಗದ ಮೇಲೆ ಆಪಾದನೆ. ಅದೂ ಅಲ್ಲದೆ ಬಂದ 13 ಎಲೆಯನ್ನು ಅವರು ಜೋಡಿಸುವ ಚಂದ ನೋಡಬೇಕು. ಆಟೀನು ಒಂದು ಕಡೆ, ಜೋಕರು ಒಂದು ಕಡೆ, ಮತ್ತೆ ತೆಗೆದು ಇನ್ನೊಂದು ಕಡೆ. 13 ಎಲೆಯನ್ನು ಕೈಯಲ್ಲಿ ಜೋಡಿಸುವ ರೀತಿಗಳು 622 ಕೋಟಿಗೂ ಜಾಸ್ತಿ. ಅಷ್ಟನ್ನೂ ನೋಡದೆ ಎಲೆ ಇಳಿಸಬಾರದು ಎಂಬ ವ್ರತ ಅವರದ್ದು. ಎಲೆ ಮಾತ್ರ ಅದೇ 13.

ಆದರೂ ಭಾವನನ್ನು ಪೂರ್ತಿ ಬೈಯಲು ಮನಸ್ಸು ಬರಲ್ಲ, ಯಾಕೆಂದರೆ ಜೊತೆಗೆ ಒಳ್ಳೊಳ್ಳೆಯವರಿದ್ದಾರೆ. ಎರಡು ದಾಳ ಹಾಕಿದರೆ 11 ಬೀಳುವುದೂ 12 ಬೀಳುವುದೂ ಸಮ ಎಂದು ಲೈಬ್ನಿಟ್ಸ್ ಬರೆದುಬಿಟ್ಟಿದ್ದ. ಕಲನಶಾಸ್ತ್ರ ಕಟ್ಟಿದ ಲೈಬ್ನಿಟ್ಸೇ. ಐದು-ಆರು, ಆರು-ಐದು ಎಂದು 11ಕ್ಕೆ ಎರಡು ದಾರಿ, 12ಕ್ಕೆ ಆರು-ಆರು ಒಂದೇ, ಹಾಗಾಗಿ 11 ಬೀಳುವುದು 12ರ ಎರಡರಷ್ಟು ಸಲ. ಫ್ರಾನ್ಸಿನ ಗಣಿತಜ್ಞ ಡಾಲಂಬೇರ್ 1754ರಲ್ಲಿ ದೊಡ್ಡ ವಿಶ್ವಕೋಶದಲ್ಲೇ ಬರೆದ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಾಧ್ಯತೆ ಮೂರರಲ್ಲಿ ಎರಡು ಎಂದು. ನಾಲ್ಕರಲ್ಲಿ ಮೂರು ಆಗಬೇಕಿತ್ತು. ವಿಶ್ವಕೋಶ ಹಾಗೇ ಅಚ್ಚಾಯಿತು.

ನನಗೆ ಇವರೆಲ್ಲರಿಗಿಂತ ಇಷ್ಟವಾದವರು ಇಟಲಿಯ ಹೆಸರಿಲ್ಲದ ಜೂಜುಕೋರರು. ಮೂರು ದಾಳ ಹಾಕುವ ಆಟ. ಮೊತ್ತ 9 ಬರುವುದಕ್ಕೆ ಆರು ಜೋಡಣೆ, 10 ಬರುವುದಕ್ಕೂ ಆರೇ. ಲೆಕ್ಕದ ಪ್ರಕಾರ ಎರಡೂ ಸಮ ಇರಬೇಕು. ಆದರೆ ಆಡಿ ಆಡಿ ಅವರಿಗೆ ಗೊತ್ತಾಗಿತ್ತು, 10 ಸ್ವಲ್ಪ ಜಾಸ್ತಿ ಬೀಳುತ್ತೆ. 17ನೇ ಶತಮಾನದ ಶುರುವಿನಲ್ಲಿ ಇದನ್ನು ಗೆಲಿಲಿಯೋಗೆ ಒಪ್ಪಿಸಲಾಯಿತು. ನಕ್ಷತ್ರ ನೋಡುವುದು ಬಿಟ್ಟು ಆತ ಕೂತು ಎಣಿಸಿದ. ಒಟ್ಟು 216ರಲ್ಲಿ 9ಕ್ಕೆ 25 ದಾರಿ, 10ಕ್ಕೆ 27. ಮೂರು, ಮೂರು, ಮೂರು ಬೀಳುವುದಕ್ಕೆ ಒಂದೇ ದಾರಿ. ಮೂರು, ಮೂರು, ನಾಲ್ಕಕ್ಕೆ ಮೂರು ದಾರಿ. ಗೆಲಿಲಿಯೋ ಎಣಿಸಿದ್ದರಲ್ಲಿ ಅಂಥ ಆಶ್ಚರ್ಯವೇನಿಲ್ಲ ಬಿಡಿ. 216ರಲ್ಲಿ ಎರಡರ ವ್ಯತ್ಯಾಸವನ್ನು ಬರೀ ಸೋತು ಸೋತು ಕಂಡುಹಿಡಿದರಲ್ಲ, ಅವರ ಮನೆಯವರ ಗತಿ ಏನಾಗಿರಬೇಕು!

ನಮ್ಮವರಿಗೆ ಈ ತಾಳ್ಮೆ ಇಲ್ಲ. ಇದ್ದಿದ್ದರೆ ಮೂರೆಲೆ ಆಟದ ನಿಯಮ ಇಷ್ಟು ಹೊತ್ತಿಗೆ ಬದಲಾಗಬೇಕಿತ್ತು. 52 ಎಲೆಯಿಂದ ಮೂರು ಎಲೆ ಬರುವ ರೀತಿಗಳು ಒಟ್ಟು 22,100. ಅದರಲ್ಲಿ ಮೂರೂ ರಾಜ, ಮೂರೂ ಎಂಟು, ಹೀಗೆ ಒಂದೇ ಥರದ ಮೂರು ಬರುವುದು 52 ರೀತಿ. ಒಂದೇ ಬಣ್ಣದ, ಅಂದರೆ ಮೂರೂ ಆಟೀನೋ ಇನ್ನೊಂದೋ ಆಗಿ, ಸಾಲಾಗಿ ಒಂದರ ಹಿಂದೊಂದು ಬರುವ ಸೀಕ್ವೆನ್ಸು 48 ರೀತಿ. ಕಡಿಮೆ ಬರುವುದು ಯಾವುದು? ಸೀಕ್ವೆನ್ಸು. ದೊಡ್ಡದು ಯಾವುದು? ಮೂರು ರಾಜ! ಜೂಜಿನಲ್ಲಿ ಅಪರೂಪಕ್ಕೆ ಬೆಲೆ ಅನ್ನುವುದಾದರೆ ಇದು ಯಾವ ನ್ಯಾಯ? ಪೋಲೀಸರು ರೇಡ್ ಮಾಡಬೇಕಾದದ್ದು ಇಂಥದಕ್ಕೆ. ಎಕ್ಕ, ಎರಡು, ಮೂರನ್ನು ಸೀಕ್ವೆನ್ಸು ಅಂತ ಒಪ್ಪದ ಮನೆಗಳೂ ಇವೆ. ಅಲ್ಲಿ 48 ಹೋಗಿ 44 ಆಗುತ್ತದೆ, ಅನ್ಯಾಯ ಇನ್ನೂ ಜಾಸ್ತಿ. ಒಪ್ಪುವ ಮನೆಗಳಲ್ಲಿ ಎಕ್ಕ-ಎರಡು-ಮೂರು ದೊಡ್ಡದೋ, ಎಕ್ಕ-ರಾಜ-ರಾಣಿ ದೊಡ್ಡದೋ ಎಂಬುದು ಬೇರೆಯೇ ಜಗಳ. ಅದಕ್ಕೆ ಗಣಿತ ಸಹಾಯಕ್ಕೆ ಬರಲ್ಲ, ಒಂದೇ ಬಣ್ಣದಲ್ಲಿ ಎರಡೂ ಬರುವುದು ನಾಲ್ಕು ನಾಲ್ಕೇ ರೀತಿ. ಎಲೆ ಹಂಚುವ ಮೊದಲೇ ಯಾವುದು ದೊಡ್ಡದು ಎಂದು ಕೇಳಿ ತಿಳಿದುಕೊಳ್ಳಬೇಕು ಎಂದು ಹಿರಿಯರು ಹೇಳುತ್ತಾರೆ. ಯಾರೂ ಕೇಳಲ್ಲ. ಯಾರ ಕೈಗೆ ಅದು ಬಂತೋ ಅವರು ಆಮೇಲೆ ನಿಯಮ ಹೇಳ್ತಾರೆ.